ವಾಲಿದರೆ ಹಾರಿಕೊಳ್ಳುತ್ತೇನೆ ಎಂದು ಬರೆದ ಹರೀಶನಿಗೆ

ಚಿ. ಹರೀಶನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಕಾಗದ ತಲುಪಿತು. ಆಳು ಸಿಗದ ಕಷ್ಟ, ತೋಟದ ಖರ್ಚು, ಮನೆಯ ವಿಚಾರ ಎಲ್ಲ ನಮ್ಮಿಬ್ಬರಿಗೂ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ. ಮಿನಿ ಹಿಟಾಚಿ, ಅಂದರೆ ಮಣ್ಣು ಅಗೆಯುವ ಸಣ್ಣ ಮಷಿನ್, ಕೊಳ್ಳಲೋ ಬೇಡವೋ ಎಂದು ಕೇಳಿದ್ದೀಯ, ಹೊಸದೋ ಹಳೆಯದೋ ಎಂದೂ ಕೇಳಿದ್ದೀಯ. ಆದರೆ ಎರಡನೇ ಪುಟದ ಕೊನೆಯಲ್ಲಿ, "ಚಾವಣಿ ಬಿಚ್ಚಿದ ಮಷಿನ್, ಅದಕ್ಕೇ ಕಡಿಮೆಗೆ ಸಿಗುತ್ತಿದೆ. ಬಾಳೆ, ಎಡೆಸಸಿಗಳ ನಡುವೆ ನುಗ್ಗಲೂ ಅದೇ ಅನುಕೂಲ. ನಿಧಾನ ಹೋಗುವ ಮಷಿನ್ ಅಲ್ಲವೇ, ವಾಲಿದರೆ ಹಾರಿಕೊಂಡರಾಯಿತು" ಎಂದು ಬರೆದಿದ್ದೀಯಲ್ಲ, ಅಲ್ಲಿಂದ ಮುಂದೆ ನನಗೆ ಓದಲು ಆಗಲಿಲ್ಲ.

ಹಾರಿಕೊಳ್ಳಲು ಆಗುವುದಿಲ್ಲ ಮಾರಾಯ. ಮಷಿನ್ ವಾಲಲು ಶುರುವಾಗುವುದು ನಿಧಾನಕ್ಕೆ. ಒಂದು ಹಂತ ದಾಟಿತೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಗ ನಿನ್ನ ಎರಡೂ ಕೈ ಲಿವರಿನ ಮೇಲಿರುತ್ತವೆ, ಮೊಣಕಾಲಿನ ಮುಂದೆ ಮಷಿನ್ ನಡೆಸುವ ಟ್ರಾವೆಲ್ ಲಿವರುಗಳು ಅಡ್ಡ. ದೇಹ ಅದಾಗಲೇ ತಗ್ಗಿನ ಕಡೆಗೆ ಜಾರಿರುತ್ತದೆ. ಮನುಷ್ಯ ಹಾರುವುದೂ ಆ ಕಡೆಗೇ, ಒಂದು ಟನ್ ಕಬ್ಬಿಣ ಬೀಳುವುದೂ ಆ ಕಡೆಗೇ. ಆ ಚಾವಣಿ ಹೊತ್ತ ಗಟ್ಟಿ ಚೌಕಟ್ಟು ಇದ್ದರೆ ಮಷಿನ್ ಪಕ್ಕಕ್ಕೆ ಮಲಗಿ ನಿಲ್ಲುತ್ತದೆ, ಬೆಲ್ಟ್ ಕಟ್ಟಿದವನು ಸೀಟಿನಲ್ಲೇ ಉಳಿಯುತ್ತಾನೆ. ಚೌಕಟ್ಟು ಇದ್ದೂ ಬೆಲ್ಟ್ ಕಟ್ಟದವನು ಹೊರಗೆಸೆಯಲ್ಪಟ್ಟು ಅದೇ ಚೌಕಟ್ಟಿನ ಅಡಿಗೆ ಸಿಗುತ್ತಾನೆ. ಚೌಕಟ್ಟೇ ಇಲ್ಲದ ಮಷಿನ್‌ನಲ್ಲಿ ಬೆಲ್ಟ್ ಕಟ್ಟಿದರೆ ಅದರ ಅಡಿಯಲ್ಲೇ ಬಿಗಿದು ಹಿಡಿಯುತ್ತದೆ. ನಿನಗೆ ತೋರಿಸಿದ ಮಷಿನ್‌ನಲ್ಲಿ ಕಟ್ಟಿದರೂ ಅಪಾಯ, ಕಟ್ಟದಿದ್ದರೂ ಅಪಾಯ. ಅದು ಬಿಸಿಲಿಗೆ ಹಾಕಿದ ತಗಡು ಎಂದು ನೀನು ತಿಳಿದ ಹಾಗಿದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಚಾವಣಿಗಳಲ್ಲಿ ಎರಡು ಬಗೆ. ಒಂದರಿಂದ ಆರು ಟನ್ನಿನ ಮಷಿನ್‌ಗಳ ಚೌಕಟ್ಟಿಗೆ ಐಎಸ್‌ಒ 12117 ಎಂಬ ಮಾನದಂಡ ಇದೆ. ಅಂಥ ಮಾನದಂಡದ ಪ್ರಕಾರ ಪರೀಕ್ಷೆಯಾದ ಚೌಕಟ್ಟಿನ ಕಂಬಕ್ಕೆ ಸಣ್ಣ ಫಲಕ ಹೊಡೆದಿರುತ್ತಾರೆ. ಟಾಪ್ಸ್ (ಪಕ್ಕಕ್ಕೆ ಮಲಗಿದಾಗ ಕಾಯುವುದು) ಅಥವಾ ರಾಪ್ಸ್ (ಉರುಳಿದಾಗ ಕಾಯುವುದು) ಎಂದು, ಯಾವ ಮಾಡೆಲ್, ಎಷ್ಟು ತೂಕದವರೆಗೆ ಎಂದು ಅದರಲ್ಲಿರುತ್ತದೆ. ಫಲಕ ಇಲ್ಲದ್ದು ಬಿಸಿಲು ಮಳೆಗೆ ಮಾತ್ರ. ಅಗ್ಗದ ಹೊಸ ಚೀನಾ ಮಷಿನ್‌ಗಳಲ್ಲಿ ಎಷ್ಟೋ ಸಲ ಇಂಥ ತೆಳು ಪೈಪಿನ ಚಾವಣಿಯೇ ಬರುತ್ತದೆ, ಬೆಲ್ಟನ್ನೂ ತೆಳು ತಗಡಿಗೆ ಬಿಗಿದಿರುತ್ತಾರೆ. ಫಲಕ ಇದ್ದ ಚೌಕಟ್ಟಿಗೂ ಯಾರಾದರೂ ತೂತು ಕೊರೆದಿದ್ದರೆ, ವೆಲ್ಡಿಂಗ್ ಮಾಡಿದ್ದರೆ ಅದರ ಬಲವನ್ನು ನಂಬುವ ಹಾಗಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿ ಕೂರಿಸುತ್ತೇನೆ ಎಂದು ನೀನು ಹೇಳಬಹುದು, ದಯವಿಟ್ಟು ಹೇಳಬೇಡ. ಬಾಳೆ, ಎಡೆಸಸಿಗಳ ಸೋಗೆ ಚಾವಣಿಗೆ ತಾಗುತ್ತದೆ ಎನ್ನುವುದು ನಿಜವಾದ ತೊಂದರೆಯೇ. ಅದಕ್ಕೆ ಮಡಚುವ ಚೌಕಟ್ಟಿನ ಮಷಿನ್‌ಗಳಿವೆ, ಜಪಾನಿನ ಕುಬೋಟಾ ಕಂಪನಿಯ ಒಂದು ಟನ್ನಿನ ಕೆ008 ಹಾಗೆಯೇ ಬರುತ್ತದೆ. ಎಡೆಸಸಿ ದಾಟುವಾಗ ಮಾತ್ರ ಮಡಚಿ, ಅಗೆಯುವ ಜಾಗದಲ್ಲಿ ಎತ್ತಿ ಪಿನ್ ಹಾಕಿಕೊಳ್ಳುವುದು. ಮಡಚಿದಾಗ ಅದೂ ಚೌಕಟ್ಟಿಲ್ಲದ ಮಷಿನ್ನೇ, ಆಗ ಸಮತಟ್ಟಿನಲ್ಲಿ ಮಾತ್ರ ಹೋಗಬೇಕು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟ್ರ್ಯಾಕ್ಟರಿಗೂ ಚೌಕಟ್ಟು ಇರುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ನಿನ್ನ ಕೈಗೆ ಗ್ರೀಸ್ ಗನ್ ಕೊಟ್ಟು ಕಲಿಸಬೇಕಾದ ವರ್ಷಗಳು ನನಗೆ ಪರವೂರಿನ ದುಡಿಮೆಯಲ್ಲಿ ಹೋದವು. ಪಕ್ಕದಲ್ಲಿ ನಿಂತು ತೋರಿಸಬೇಕಾದ್ದನ್ನು ಈಗ ಕಾಗದದಲ್ಲಿ ಬರೆಯುತ್ತಿದ್ದೇನಲ್ಲ ಎಂಬ ಕೊರಗು ನನಗಿದೆ.

ಅಷ್ಟು ಸಣ್ಣ ಮಷಿನ್ ಯಾಕೆ ಮಗುಚುತ್ತದೆ ಎಂದರೆ, ಸಣ್ಣದಾದ್ದರಿಂದಲೇ. ಕೆ008ರ ಟ್ರ್ಯಾಕ್ (ಚಕ್ರದ ಬದಲಿಗಿರುವ ಪಟ್ಟಿ) ಒಳಗೆಳೆದಾಗ ಅಗಲ 70 ಸೆಂ.ಮೀ., ಹೊರಗೆ ಚಾಚಿದಾಗ 86. ಕುಬೋಟಾದ್ದೇ ಇನ್ನೂ ದೊಡ್ಡ ಯು17 ಆದರೆ 99 ಮತ್ತು 124. ಒಳಗೆಳೆಯುವುದು ಗೇಟು ದಾಟಲು ಮಾತ್ರ. ಅಗೆಯುವಾಗ ಪೂರ್ತಿ ಚಾಚಿರಲೇಬೇಕು. ಬೂಮ್, ಅಂದರೆ ಬಕೆಟ್ಟನ್ನು ಹೊತ್ತ ದೊಡ್ಡ ತೋಳು, ಟ್ರ್ಯಾಕಿನ ಉದ್ದಕ್ಕೆ ಇರುವಾಗ ಮಷಿನ್ ಗಟ್ಟಿ ನಿಲ್ಲುತ್ತದೆ. ಅದೇ ಬೂಮನ್ನು ಅಡ್ಡಕ್ಕೆ ತಿರುಗಿಸಿ ಕೈ ಪೂರ್ತಿ ಚಾಚಿದೆಯೋ, ಆ 86 ಸೆಂ.ಮೀ. ಮೇಲೆಯೇ ಎಲ್ಲ ಭಾರ. 25 ಲೀಟರಿನ ಬಕೆಟ್ಟಿನಲ್ಲಿ ಹಸಿ ಮಣ್ಣು 45–50 ಕೆ.ಜಿ. ತೂಗುತ್ತದೆ. ಸಮತಟ್ಟಿನಲ್ಲಿ ಅದು ಏನೂ ಅಲ್ಲ. ಇಳಿಜಾರಿನಲ್ಲಿ ತುಂಬಿದ ಬಕೆಟ್ಟನ್ನು ತಗ್ಗಿನ ಕಡೆಗೆ ತಿರುಗಿಸಿ ತಟ್ಟನೆ ನಿಲ್ಲಿಸಿದರೆ ಅಷ್ಟೇ ಸಾಕು. ಅಡಿಕೆಯ ಬುಡ ಕೀಳುವಾಗಲೂ ಹಾಗೆ: ಬೇರು ಒಮ್ಮೆಲೇ ಹರಿದರೆ ಮಷಿನ್ ಹಿಂದಕ್ಕೆ ಜಿಗಿಯುತ್ತದೆ. ಮೊದಲು ಸುತ್ತ ಬೇರು ಕಡಿದು ಆಮೇಲೆ ಎತ್ತು. ಹಿಂಭಾಗ ಹೊರಚಾಚದ ಮಾದರಿ ಅಡಿಕೆ ಮರಗಳ ನಡುವೆ ಅನುಕೂಲ, 9 ಅಡಿಯ ಸಾಲಿನಲ್ಲಿ ತಿರುಗುವಾಗ ಕಾಂಡಕ್ಕೆ ತಾಗದು. ಆದರೆ ಹಿಂದೆ ಭಾರ ಒಳಗೆ ಸರಿದಿರುವುದರಿಂದ ಅಡ್ಡಕ್ಕೆ ಅಗೆಯುವಾಗ ಬೇಗ ವಾಲುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲ.

ಗುಡ್ಡೆ ಹತ್ತುವುದು ಇಳಿಯುವುದು ನೇರಕ್ಕೆ ಮಾತ್ರ, ಅಡ್ಡಕ್ಕೆ ಹೋಗಬಾರದು. ಬಕೆಟ್ ನೆಲದಿಂದ 20–30 ಸೆಂ.ಮೀ. ಮೇಲೆ ಇರಲಿ, ಜಾರಿದರೆ ಊರಲು ಅದೇ. ಅಂಚಿನಲ್ಲಿ ಅಗೆಯುವಾಗ ಟ್ರ್ಯಾಕು ಅಂಚಿಗೆ ಎದುರಾಗಿ ನೇರ ಇರಲಿ, ಸಮಾನಾಂತರ ಬೇಡ. ಟ್ರಾವೆಲ್ ಮೋಟರು ಹಿಂದಕ್ಕಿರಲಿ, ನೆಲ ಬಿರುಕು ಬಿಟ್ಟರೆ ನೇರ ಹಿಂದೆ ಬರಬಹುದು. ಕಣಿ, ಅಂದರೆ ತೋಡಿದ ಕಾಲುವೆ, ಎಷ್ಟು ಆಳವೋ ಕಡಿಮೆಯೆಂದರೆ ಅಷ್ಟು ದೂರ ಅಂಚಿನಿಂದ ಬಿಡು. ಮತ್ತೆ ಮತ್ತೆ ಹೇಳುತ್ತಿದ್ದೇನೆ ಎಂದು ಬೇಸರಿಸಬೇಡ.

ಕೊಳ್ಳುವ ವಿಚಾರಕ್ಕೆ ಬರುತ್ತೇನೆ. ಬಾಡಿಗೆ ಗಂಟೆಗೆ ಸಾವಿರ ಎಂದು ಹಿಡಿ. ಎಂಟು ಲಕ್ಷದ ಮಷಿನ್ ಎಂದರೆ 800 ಗಂಟೆಯ ಕೆಲಸ, ಡೀಸೆಲ್ಲು ರಿಪೇರಿ ಬಿಟ್ಟು. ನೀನು ಬರೆದ ಪಟ್ಟಿ, ಬಸಿಗಾಲುವೆ, ಪೈಪಿನ ಕಣಿ, ಇಂಗುಗುಂಡಿ, ಗೊಬ್ಬರಗುಂಡಿ, ಎಲ್ಲ ಸೇರಿ ಇನ್ನೂರು ಗಂಟೆ ಮೀರಲಾರದು. ನೆರೆಯ ಮೂರು ತೋಟದವರಾದರೂ ಸೇರಿದರೆ ಲೆಕ್ಕ ಕೂಡಬಹುದು. ಆಗಲೂ ಓಡಿಸುವವನು ಒಬ್ಬನೇ ಇರಬೇಕು.

ಹೊಸ ಚೀನಾ ಮಷಿನ್ ಪೂರ್ತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಂದೇ ಮಷಿನ್ ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ, ಹಾಗಾಗಿ ಹೆಸರು ನೋಡದೆ ಇಂಜಿನ್ ಯಾವುದು ಎಂದು ಕೇಳು. ಕುಬೋಟಾ ಡಿ722 ಹಾಕಿದ್ದಾದರೆ ಮೂರು ಸಿಲಿಂಡರು, ನೀರಿನ ತಂಪು, ಬಿಡಿಭಾಗ ಸಿಗುತ್ತದೆ. ಗಾಳಿಯ ತಂಪಿನ ಒಂದೇ ಸಿಲಿಂಡರಿನದ್ದಾದರೆ ನಡುಕ ಜಾಸ್ತಿ, ಬೋಲ್ಟುಗಳು ಸಡಿಲಾಗುತ್ತವೆ: ಮೊದಲ ಹತ್ತು ಗಂಟೆಯಾದೊಡನೆ ಸ್ಪ್ರಾಕೆಟ್ (ಟ್ರ್ಯಾಕ್ ತಿರುಗಿಸುವ ಹಲ್ಲಿನ ಗಾಲಿ), ಸ್ವಿಂಗ್ ಬೇರಿಂಗ್ (ಮೇಲ್ಭಾಗ ತಿರುಗುವ ಬೇರಿಂಗ್), ಇಂಜಿನ್ ಮೌಂಟಿಂಗ್ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಬೇಕು. ಹೈಡ್ರಾಲಿಕ್ ಎಣ್ಣೆಯ ಟ್ಯಾಂಕಿನಲ್ಲಿ ಕಬ್ಬಿಣದ ಪುಡಿ ಉಳಿದಿರಬಹುದು. 50 ಗಂಟೆಗೆ ಹೈಡ್ರಾಲಿಕ್ ಫಿಲ್ಟರ್ ಬದಲಾಯಿಸು, ಎಣ್ಣೆ ನಮ್ಮ ಸೆಕೆಗೆ 46 ನಂಬರಿನದು. ಆಯಿಲ್ ಕೂಲರ್ ಇದೆಯೇ ನೋಡು. ಅದಿಲ್ಲದ ಗೇರ್ ಪಂಪಿನ ಮಷಿನ್ ಏಪ್ರಿಲ್ ಬಿಸಿಲಿನಲ್ಲಿ ಎರಡು ಗಂಟೆ ಓಡುವಷ್ಟರಲ್ಲಿ ಸೋಲುತ್ತದೆ. ಇನ್ನೊಂದು ಮುಖ್ಯ: ಇಳಿಯುವಾಗ ಎಡಗಡೆಯ ಲಿವರ್ ಎತ್ತಿದರೆ ಕೈ ಲಿವರುಗಳು ಸತ್ತುಹೋಗುವ ಲಾಕ್ ಹೆಚ್ಚಿನ ಜಪಾನ್ ಮಷಿನ್‌ಗಳಲ್ಲಿರುತ್ತದೆ. ಅಗ್ಗದವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಅಂಗಿಯ ತೋಳು ಲಿವರಿಗೆ ಸಿಕ್ಕಿದರೆ ಬೂಮ್ ತಿರುಗಿಬಿಡುತ್ತದೆ.

ಜಪಾನಿನಿಂದ ಬಂದ ಹಳೆಯದನ್ನೇ ನೋಡುವುದಾದರೆ ಬೆಳಿಗ್ಗೆ ಹೋಗು, ಮೊದಲು ಇಂಜಿನ್ ಮೇಲೆ ಕೈ ಇಡು. ಬಿಸಿಯಿದ್ದರೆ ಕೋಲ್ಡ್ ಸ್ಟಾರ್ಟ್ ಮರೆಮಾಡಲು ಓಡಿಸಿಟ್ಟಿದ್ದಾರೆ, ಮಾರನೇ ದಿನ ಬರುತ್ತೇನೆ ಎಂದು ಹೇಳು. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಓಡಿದ ಗಂಟೆ ತೋರಿಸುವ ಅವರ್ ಮೀಟರನ್ನು ನಂಬಬೇಡ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕಿನಂತೆ ಚೂಪಾಗಿದೆಯೇ, ಪೆಡಲ್ ರಬ್ಬರ್ ಸವೆದಿದೆಯೇ ನೋಡು. ಬಕೆಟ್ಟನ್ನು ನೆಲದಿಂದ ತುಸು ಎತ್ತಿ ಕೈಯಲ್ಲಿ ಅಲ್ಲಾಡಿಸು, ಪಿನ್ನು ಬುಶ್ಶಿನ ಆಟ ಗೊತ್ತಾಗುತ್ತದೆ. ಬೂಮ್ ಊರಿ ಮುಂಭಾಗವನ್ನು ಸ್ವಲ್ಪ ಎತ್ತಿ ಇಳಿಸುವಾಗ ಸ್ವಿಂಗ್ ಬೇರಿಂಗಿನಲ್ಲಿ ಟಕ್ ಎಂಬ ಸದ್ದು ಬಂದರೆ ಬಿಟ್ಟುಬಿಡು. ಅದರ ಖರ್ಚೂ ದೊಡ್ಡದು, ಇಳಿಜಾರಿನಲ್ಲಿ ಮೇಲ್ಭಾಗ ಅಲ್ಲಾಡುವ ಮಷಿನ್ ನಿನಗೆ ಬೇಡ. ಬೂಮ್ ಎತ್ತಿ ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ನೋಡು, ಕಣ್ಣಿಗೆ ಕಾಣುವಷ್ಟು ಇಳಿದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಹೋಗಿದೆ. ಎರಡೂ ಟ್ರಾವೆಲ್ ಲಿವರ್ ಒತ್ತಿ ಹದಿನೈದು ಮೀಟರ್ ನೇರ ಓಡಿಸು. ಒಂದು ಬದಿಗೆ ಎಳೆದರೆ ಮೋಟರಿನಲ್ಲೋ ಮಧ್ಯದ ಸ್ವಿವಲ್ ಜಾಯಿಂಟಿನಲ್ಲೋ ಸೋರಿಕೆ. ಇದನ್ನೆಲ್ಲ ಮುಕ್ಕಾಲು ಗಂಟೆ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಮತ್ತೊಮ್ಮೆ ಮಾಡು. ಸವೆದ ಪಂಪು ತಣ್ಣಗಿರುವಾಗ ಚೆನ್ನಾಗಿಯೇ ಎತ್ತುತ್ತದೆ. ಹೋಸ್ ಪೈಪಿನ ಸೋರಿಕೆ ಹುಡುಕಲು ಬೆರಳು ಆಡಿಸಬೇಡ, ರಟ್ಟು ಹಿಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ಹೊಕ್ಕರೆ ಕೂಡಲೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ನೋವಿಲ್ಲದಿದ್ದರೂ.

ಹಳೆಯ ಜಪಾನ್ ಮಷಿನ್‌ಗಳಲ್ಲಿ ಲಿವರಿನ ಕ್ರಮ ಒಂದೇ ಇರುವುದಿಲ್ಲ. ಈಗ ಹೆಚ್ಚಾಗಿ ಎಡಗೈಯಲ್ಲಿ ಸ್ವಿಂಗ್ (ಮೇಲ್ಭಾಗ ತಿರುಗಿಸುವುದು) ಮತ್ತು ಆರ್ಮ್ (ಬೂಮಿನ ತುದಿಯ ಕೈ), ಬಲಗೈಯಲ್ಲಿ ಬೂಮ್ ಮತ್ತು ಬಕೆಟ್. ಬೇರೆ ಕ್ರಮದ್ದಾದರೆ ಬದಲಾಯಿಸಿಕೊಂಡೇ ತಾ. ಮಷಿನ್ ವಾಲಿದ ಕ್ಷಣದಲ್ಲಿ ಬಕೆಟ್ ನೆಲಕ್ಕೂರಲು ಹೋಗಿ ಬೂಮ್ ಎತ್ತಿದರೆ, ನನ್ನ ಭಯವೆಲ್ಲ ಅಲ್ಲಿಯೇ ಇದೆ.

ಮನೆ ಹಿಂದಿನ ಧರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ವಿಷಯವನ್ನು ನೀನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀಯ, ಅಂಗಳ ಅಗಲ ಮಾಡಲು ಮೂರು ಅಡಿ ಕೊರೆಯುತ್ತೇನೆ ಎಂದು. ಅಲ್ಲಿ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಶೇಡಿಮಣ್ಣು (ಮೆತ್ತನೆಯ ಜೇಡಿಮಣ್ಣು). ಶೇಡಿ ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಬಲವೇ ಇರುವುದಿಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಧರೆ ಕುಸಿಯುವುದಕ್ಕೆ ದೊಡ್ಡ ಕಾರಣ ಅದು. ಬುಡದ ಶೇಡಿಯನ್ನು ಕೆರೆದರೆ ಮೇಲಿನ ಮುರಕಲ್ಲು ಇಡಿಯಾಗಿ ಬರುತ್ತದೆ, ಬುಡದಲ್ಲಿ ನಿಂತ ಮಷಿನ್ ಮೇಲೆ. ಮಷಿನ್ನಿನ ಕೈ ಎಟುಕದ ಎತ್ತರದ ಧರೆಯನ್ನು ಬುಡದಿಂದ ಮುಟ್ಟಲೇಬಾರದು. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಅದಕ್ಕೂ ಮೊದಲು ನೆತ್ತಿಯಲ್ಲಿ ನೀರು ತಿರುಗಿಸುವ ಕಣಿ ಆಗಬೇಕು, ಅದೂ ಬೇಸಿಗೆಯಲ್ಲಿ. ಆ ಕೆಲಸ ಒಂದು ಟನ್ನಿನ ಮಷಿನ್ನಿನದಲ್ಲ. ಅನುಭವದ ಆಪರೇಟರನ್ನು ದೊಡ್ಡ ಹಿಟಾಚಿ ಸಮೇತ ಎರಡು ದಿನಕ್ಕೆ ಕರೆಸು. ನಿನ್ನದು ತೋಟದ ಕಣಿಗೆ ಸಾಕು. ಸುಮಾರು ಒಂದೂ ಮುಕ್ಕಾಲು ಮೀಟರ್ ಆಳದವರೆಗೆ ಅದು ಅಗೆಯುತ್ತದೆ.

ಮುಂಗಡ ಕೊಟ್ಟಿಲ್ಲ ಎಂದುಕೊಂಡಿದ್ದೇನೆ. ಕೊಟ್ಟಿದ್ದರೆ ಚೌಕಟ್ಟನ್ನು ಬಿಚ್ಚಿ ಎಲ್ಲಿಟ್ಟಿದ್ದಾರೆ ಎಂದು ಮೊದಲು ವಿಚಾರಿಸು. ಮೂಲದ್ದೇ ಇದ್ದು, ಬುಡದ ಬೋಲ್ಟ್ ತೂತುಗಳನ್ನು ಗ್ಯಾಸಿನಲ್ಲಿ ಕತ್ತರಿಸಿರದಿದ್ದರೆ, ಅದನ್ನು ಅವರೇ ಕೂರಿಸಿ ಕೊಡಲಿ. ಕತ್ತರಿಸಿದ್ದರೆ ಆ ಮುಂಗಡ ಹೋಗಲಿ. ತೂತುಗಳ ಫೋಟೋ ತೆಗೆದು ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ

ತಾ.ಕ.: ಯಾವುದನ್ನೇ ತಂದರೂ ಪಿಕಪ್‌ನಿಂದ ಇಳಿಸುವ ಜಾಗ ಸಮತಟ್ಟಾಗಿರಲಿ. ರ‍್ಯಾಂಪ್ ಮೂರು ಮೀಟರಿಗೆ ಕಡಿಮೆ ಇರಬಾರದು, ಗಿಡ್ಡದಾದರೆ ಏರು ಕಡಿದಾಗುತ್ತದೆ. ಅದರ ಕೊಕ್ಕೆಯನ್ನು ಪಿಕಪ್ಪಿಗೆ ಚೈನಿನಿಂದ ಕಟ್ಟು, ಹಿಂಭಾಗ ಕುಸಿಯದಂತೆ ಮರದ ದಿಮ್ಮಿ ಕೊಡು. ರ‍್ಯಾಂಪಿನ ಮೇಲೆ ದಿಕ್ಕು ಸರಿಮಾಡಲು ಹೋಗಬೇಡ. ಒದ್ದೆ ಕಬ್ಬಿಣದ ಮೇಲೆ ರಬ್ಬರ್ ಟ್ರ್ಯಾಕ್ ಜಾರುತ್ತದೆ. ಆ ದಿನ ಮಳೆ ಬಂದರೆ ಇಳಿಸುವುದನ್ನು ಮಾರನೇ ದಿನಕ್ಕೆ ಹಾಕು, ಪಿಕಪ್ಪಿನ ಹೆಚ್ಚಿನ ಬಾಡಿಗೆ ನಾನು ಕೊಡುತ್ತೇನೆ.