ಧೂಳಿನ ಕೆಲಸ ಬಿಟ್ಟವರನ್ನೂ ತಪಾಸಣೆ ಮಾಡಿ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಜಲ್ಲಿ ಕ್ರಷರ್ ಒಂದರಲ್ಲಿ 14 ವರ್ಷ ದುಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಸಿಕ್ಕಿದ್ದ. ‘ಧೂಳಿನ ಕೆಲಸಾ ಬಿಟ್ಟು ಆರು ವರ್ಷ ಆತು, ಮತ್ಯಾಕ ದಮ್ಮು ಹೆಚ್ಚಾಗಾಕತ್ತೈತ್ರಿ ಸರ್?’ ಎಂಬ ಅವನ ಪ್ರಶ್ನೆಗೆ ರೋಗನಿರೋಧಕ ವಿಜ್ಞಾನದಲ್ಲಿ ಉತ್ತರವಿದೆ. ಅದು ಅವನಂಥ ಎಲ್ಲರಿಗೂ ತಿಳಿಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಶ್ವಾಸಕೋಶಕ್ಕೆ ಬಂದ ರೋಗಾಣುಗಳನ್ನು ನುಂಗಿ ಅರಗಿಸುವ ಮ್ಯಾಕ್ರೋಫೇಜ್ ಕೋಶಗಳೊಳಗೆ, ಅಪಾಯದ ಸುಳಿವು ಸಿಕ್ಕೊಡನೆ ಕೆಲವು ಪ್ರೋಟೀನುಗಳು ಒಟ್ಟುಗೂಡುತ್ತವೆ. ಈ ಕೂಟಕ್ಕೆ 2002ರಲ್ಲಿ ಸ್ವಿಟ್ಜರ್ಲೆಂಡಿನ ಯೂರ್ಗ್ ಚೋಪ್ ಅವರ ತಂಡ ‘ಇನ್‌ಫ್ಲಮಸೋಮ್’ ಎಂದು ಹೆಸರಿಟ್ಟಿತು. ಅದು ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವದಿಂದ ಸಿದ್ಧಗೊಂಡ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕ ಪ್ರೋಟೀನು ಹೊರಬಂದು ಉರಿಯೂತ ಎಬ್ಬಿಸುತ್ತದೆ. ಸೋಂಕು ತಗುಲಿದಾಗ ನಮ್ಮನ್ನು ಕಾಯುವ ವ್ಯವಸ್ಥೆಗಳಲ್ಲಿ ಇದೂ ಒಂದು.

ಆದರೆ ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಹರಳು ರೋಗಾಣುವಿನಂತೆ ಅರಗುವುದಿಲ್ಲ. ಕೋಶದೊಳಗಿನ ಜೀರ್ಣಚೀಲವನ್ನೇ ಅದು ಹರಿದುಬಿಡುತ್ತದೆ. ಆಗ ಎನ್‌ಎಲ್‌ಆರ್‌ಪಿ3 ಎಂಬ ಇನ್‌ಫ್ಲಮಸೋಮ್ ಕೆರಳುವುದನ್ನು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಹರಳು ನುಂಗಿದ ಕೋಶ ಸತ್ತು ಒಡೆದಾಗ ಹರಳು ಹಾಗೆಯೇ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ಅದನ್ನೇ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಮೆತ್ತಗಿನ ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಹೊಸ ಧೂಳು ಒಳಹೋಗದಿದ್ದರೂ ಹಳೆಯ ಧೂಳು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಕ್ಷಯದ ಅಪಾಯವೂ ಇವರಿಗೆ ಹೆಚ್ಚು. ನನ್ನ ವಿದ್ಯಾರ್ಥಿ ಎರಡು ಸಲ ಕ್ಷಯದ ಗುಳಿಗೆ ನುಂಗಿದ್ದಾನೆ. ಏನು ಕೆಲಸ ಮಾಡುತ್ತಿದ್ದೆ ಎಂದು ಅವನನ್ನು ಒಬ್ಬರೂ ಕೇಳಲಿಲ್ಲವೆಂಬುದು ನನ್ನನ್ನು ಬಹಳ ನೋಯಿಸಿತು.

1948ರ ಕಾರ್ಖಾನೆ ಕಾಯ್ದೆಯಲ್ಲಿಯೇ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿತ್ತು. ರಾಜಸ್ಥಾನ 2019ರಲ್ಲಿ ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ತಂದಿತು. ನಮ್ಮ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿಯೂ ಕಲ್ಲಿನ ಖಣಿ ಮತ್ತು ಕ್ರಷರ್‌ಗಳಲ್ಲಿ ಈಗ ದುಡಿಯುತ್ತಿರುವವರ ಜೊತೆಗೆ, ಕೆಲಸ ಬಿಟ್ಟು ಮನೆಯಲ್ಲಿ ಕೆಮ್ಮುತ್ತಿರುವವರಿಗೂ ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ನಡೆಸಬೇಕು. ಕಲ್ಲು ಒಡೆಯುವಲ್ಲಿ ನೀರು ಸಿಂಪಡಿಸಿ ಧೂಳನ್ನು ಹುಟ್ಟಿದಲ್ಲಿಯೇ ಅಡಗಿಸುವುದನ್ನು ಅಧಿಕಾರಿಗಳು ಖುದ್ದಾಗಿ ನಿಂತು ನೋಡಬೇಕು. ಬಾಯಿಗೆ ಕಟ್ಟಿದ ವಲ್ಲಿ ಈ ಸೂಕ್ಷ್ಮ ಧೂಳನ್ನು ತಡೆಯಲಾರದು.

— ನಿವೃತ್ತ ಜೀವಶಾಸ್ತ್ರ ಅಧ್ಯಾಪಕ, ಗದಗ