ತೀರ್ಪಿನ ಜೊತೆ ಕಾರಣವೂ ಕೇಳಿಸಲಿ

ಸಂಪಾದಕರಿಗೆ ನಮಸ್ಕಾರ.

2025ರ ಜನವರಿ 1ರ ಪೀಚ್ ಬೌಲ್ ಅನ್ನುವ ಅಮೆರಿಕನ್ ಕಾಲೇಜು ಫುಟ್‌ಬಾಲ್ ಪಂದ್ಯದ ಜಗಳ ನಮ್ಮ ಕಡೆ ಇನ್ನೂ ಮುಗಿದಿಲ್ಲ. ನಮ್ಮ ಕಡೆ ಅಂದ್ರೆ ಅರಿಜೋನಾದ ಟೆಂಪಿ, ಚಾಂಡ್ಲರ್, ಗಿಲ್ಬರ್ಟ್. ಇಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಎಷ್ಟೋ ಮನೆಗಳ ಮಕ್ಕಳು ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಾರೆ, ನನ್ನ ಮಗಳೂ ಅಲ್ಲೇ. ಹಬ್ಬದ ಊಟಕ್ಕೆ ಸೇರಿದರೂ ಮಾತು ಅಲ್ಲಿಗೇ ಬರುತ್ತೆ: ಆ ಟಾರ್ಗೆಟಿಂಗ್ (ಎದುರಾಳಿಯ ತಲೆ, ಕುತ್ತಿಗೆಗೆ ಅಪಾಯವಾಗುವ ಹಾಗೆ ಗುದ್ದುವ ಫೌಲ್) ಯಾಕೆ ಕೊಡಲಿಲ್ಲ?

ಊರಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 2023ರಲ್ಲಿ ನಮ್ಮ ಅರಿಜೋನಾ ಸ್ಟೇಟ್ ತಂಡ 3 ಪಂದ್ಯ ಗೆದ್ದು 9 ಸೋತಿತ್ತು. 2024ರಲ್ಲಿ ಬಿಗ್ 12 ಲೀಗ್‌ಗೆ ಬಂದಾಗ (12 ಅನ್ನುವುದು ಹೆಸರಲ್ಲಷ್ಟೇ) ಅದರ 16 ತಂಡಗಳಲ್ಲಿ ಕೊನೆಯ ಸ್ಥಾನ ಅಂತಲೇ ಎಲ್ಲರ ಲೆಕ್ಕ. ಅದೇ ಹುಡುಗರು ಲೀಗ್ ಗೆದ್ದರು. ಫೈನಲ್‌ನಲ್ಲಿ ಅಯೋವಾ ಸ್ಟೇಟ್ ವಿರುದ್ಧ 45-19. ಅಲ್ಲಿಂದ ನೇರವಾಗಿ ರಾಷ್ಟ್ರೀಯ ಪ್ಲೇಆಫ್‌ನ ಕ್ವಾರ್ಟರ್ ಫೈನಲ್, ಅಟ್ಲಾಂಟಾದಲ್ಲಿ, ಟೆಕ್ಸಸ್ ಎದುರು. ಕೊನೆಯ ಕ್ವಾರ್ಟರ್‌ನಲ್ಲಿ 24-8 ಹಿಂದೆ ಇದ್ದವರು 24-24 ಮಾಡಿದರು. ನಮ್ಮ ಕ್ಯಾಮ್ ಸ್ಕಾಟಬೂ ಆ ದಿನ ಓಡಿದ್ದು, ಹಿಡಿದದ್ದು, ಸಾಲದ್ದಕ್ಕೆ ಒಂದು ಟಚ್‌ಡೌನ್ (ಎದುರಾಳಿಯ ಗೆರೆ ದಾಟಿ ಅಂಕ ಗಳಿಸುವುದು) ಪಾಸ್ ಎಸೆದದ್ದು, ನೋಡಿದವರು ಯಾರೂ ಮರೆಯಲ್ಲ.

ಆಟ ಮುಗಿಯಲು ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಥರ್ಡ್ ಡೌನ್, ಅಂದ್ರೆ 10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು. ನಮ್ಮ ಸ್ಯಾಮ್ ಲೆವಿಟ್ ಎಸೆದ ಚೆಂಡನ್ನು ಮೆಲ್ಕ್ವಾನ್ ಸ್ಟೋವಾಲ್ ಹಿಡಿದರು, ಮರುಕ್ಷಣವೇ ಟೆಕ್ಸಸ್‌ನ ಮೈಕಲ್ ಟಾಫ್ ಬಂದು ಗುದ್ದಿದರು, ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿಯಿತು. ವಿಡಿಯೊ ಮತ್ತೆ ನೋಡಿ ತೀರ್ಪು ಕೊಡುವ ರಿಪ್ಲೇ ರೂಮ್‌ನವರು ನೋಡಿದರು. ಟಾರ್ಗೆಟಿಂಗ್ ಇಲ್ಲ ಅಂದರು. ಅಷ್ಟೇ. ಕೊಟ್ಟಿದ್ದರೆ 15 ಯಾರ್ಡ್, ಹೊಸ ಫಸ್ಟ್ ಡೌನ್, ಚೆಂಡು ಟೆಕ್ಸಸ್ ಭಾಗದೊಳಗೆ ಹೋಗಿರುತ್ತಿತ್ತು. ಕೊಡಲಿಲ್ಲವಾದ್ದರಿಂದ ಪಂಟ್ ಮಾಡಿ (ಚೆಂಡನ್ನು ದೂರಕ್ಕೆ ಒದ್ದು) ಟೆಕ್ಸಸ್‌ಗೆ ಬಿಟ್ಟುಕೊಡಬೇಕಾಯಿತು. ಆಟ ಓವರ್‌ಟೈಮ್‌ಗೆ ಹೋಗಿ ಎರಡನೇ ಓವರ್‌ಟೈಮ್‌ನಲ್ಲಿ 39-31ಕ್ಕೆ ಸೋತೆವು.

ನಮ್ಮಲ್ಲಿ ಒಂದು ಗುಂಪು ರೆಫ್ರಿಗಳೇ ಸೋಲಿಸಿದರು ಅನ್ನುತ್ತೆ. ಅದು ಪೂರ್ತಿ ನಿಜ ಅಲ್ಲ. ಆ ಪಂಟ್ ಆದಮೇಲೆ ಟೆಕ್ಸಸ್‌ಗೆ 38 ಯಾರ್ಡ್‌ನ ಫೀಲ್ಡ್ ಗೋಲ್ (ಚೆಂಡನ್ನು ಎರಡು ಕಂಬಗಳ ಮಧ್ಯೆ ಒದ್ದು ಅಂಕ ಗಳಿಸುವುದು) ಹೊಡೆಯುವ ಅವಕಾಶ ಸಿಕ್ಕಿತ್ತು, ಅದು ಕಂಬಕ್ಕೆ ಬಡಿದು ಹೊರಗೆ ಹೋಯಿತು, ಅಲ್ಲಿ ಅದೃಷ್ಟ ನಮ್ಮ ಕಡೆ ಇತ್ತು. ಮೊದಲ ಓವರ್‌ಟೈಮ್‌ನಲ್ಲಿ ನಾವೇ ಮುಂದಿದ್ದೆವು. ಟೆಕ್ಸಸ್‌ಗೆ ಫೋರ್ತ್ ಡೌನ್, ಇನ್ನೂ 13 ಯಾರ್ಡ್ ಬೇಕು. ಒಂದೇ ಒಂದು ಸಲ ತಡೆದಿದ್ದರೆ ಪಂದ್ಯ ನಮ್ಮದು. ಮ್ಯಾಥ್ಯೂ ಗೋಲ್ಡನ್‌ಗೆ 28 ಯಾರ್ಡ್‌ನ ಟಚ್‌ಡೌನ್ ಬಿಟ್ಟುಕೊಟ್ಟದ್ದು ರೆಫ್ರಿ ಅಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕೆಲವರಿಗೆ ಕೋಪ ಬರುತ್ತೆ.

ಇನ್ನೊಂದು ಗುಂಪು, ಸೋತಮೇಲೆ ರೆಫ್ರಿ ಮಾತು ಎತ್ತಲೇಬಾರದು, ಅಳುಬುರುಕರ ಹಾಗೆ ಕಾಣುತ್ತೆ ಅನ್ನುತ್ತೆ. ಇದನ್ನೂ ನಾನು ಒಪ್ಪಲ್ಲ. ಟಾರ್ಗೆಟಿಂಗ್ ನಿಯಮ ಬಂದದ್ದು ಹುಡುಗರ ತಲೆ, ಕುತ್ತಿಗೆ ಉಳಿಸಲಿಕ್ಕೆ. 2013ರಿಂದ ಹಾಗೆ ಗುದ್ದಿದವರನ್ನು ಆಟದಿಂದಲೇ ಹೊರಗೆ ಕಳಿಸುತ್ತಾರೆ. ಅಷ್ಟು ಗಂಭೀರವಾದ ನಿಯಮ ಕೋಚ್‌ಗಳಿಗೇ ಅರ್ಥ ಆಗದಿದ್ದರೆ ಹೇಗೆ? ಟಾರ್ಗೆಟಿಂಗ್ ಅಂದ್ರೆ ಏನು ಅಂತ ತನಗೆ ಸರಿಯಾಗಿ ಗೊತ್ತಿಲ್ಲ ಅಂತ ನಮ್ಮ ಕೋಚ್ ಕೆನ್ನಿ ಡಿಲ್ಲಿಂಗ್‌ಹ್ಯಾಮ್ ಪಂದ್ಯ ಮುಗಿದಮೇಲೆ ಹೇಳಿದರು. ನಿಯಮದ ಪ್ರಕಾರ ತಲೆಗೆ ಬಡಿದರಷ್ಟೇ ಸಾಲದು. ಹಾರಿ ಬಂದರೋ, ತಲೆ ತಗ್ಗಿಸಿದರೋ, ಹೆಲ್ಮೆಟ್ ಮುಂದೆ ಮಾಡಿ ನುಗ್ಗಿದರೋ, ಇಂಥ ಒಂದು ಲಕ್ಷಣವಾದರೂ ಇರಬೇಕು. ಇವುಗಳಲ್ಲಿ ಯಾವುದೂ ಆ ದಿನ ಕಾಣಲಿಲ್ಲ ಅಂತ ಮೈಕ್‌ನಲ್ಲಿ ಒಂದು ವಾಕ್ಯ ಹೇಳಿದ್ದರೆ ಒಪ್ಪದವರಿಗೂ ಅರ್ಥ ಆಗುತ್ತಿತ್ತು. ಈಗ ಆಗಿರುವುದೇನು? ಅದೇ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ, ರೆಫ್ರಿಗಳ ಮನಸ್ಸಿನಲ್ಲಿ ಏನಿತ್ತು ಅಂತ ನಾವೇ ಊಹೆ ಮಾಡಿಕೊಂಡು, ಆ ಊಹೆಯ ಮೇಲೆ ಸ್ನೇಹಿತರ ಜೊತೆ ಜಗಳ ಆಡುತ್ತಿದ್ದೇವೆ.

ಕ್ರಿಕೆಟ್ ನೋಡುವ ನಮಗೆ ಇದು ಹೊಸದಲ್ಲ. 2008ರ ಸಿಡ್ನಿ ಟೆಸ್ಟ್ ನೆನಪಿಸಿಕೊಳ್ಳಿ. ನಮ್ಮ ಕುಂಬ್ಳೆ ಕ್ಯಾಪ್ಟನ್. ಆಸ್ಟ್ರೇಲಿಯಾದ ಸೈಮಂಡ್ಸ್ 30 ರನ್ ಇದ್ದಾಗ ಬ್ಯಾಟ್‌ಗೆ ತಾಗಿ ಕ್ಯಾಚ್ ಆದರೂ ಔಟ್ ಕೊಡಲಿಲ್ಲ, ಅವರು 162 ಹೊಡೆದು ನಾಟೌಟ್ ಉಳಿದರು. ಕೊನೆಯ ದಿನ ದ್ರಾವಿಡ್‌ಗೆ ಬ್ಯಾಟ್‌ಗೆ ತಾಗದ ಬಾಲ್‌ಗೆ ಔಟ್ ಕೊಟ್ಟರು. ಅಂಪೈರ್ ಬಕ್ನರ್ ಅವರನ್ನು ಮುಂದಿನ ಪರ್ತ್ ಟೆಸ್ಟ್‌ನಿಂದ ತೆಗೆದರು, ಫಲಿತಾಂಶ ಮಾತ್ರ ಹಾಗೇ ಉಳಿಯಿತು. ಅದೇ ವರ್ಷ ಭಾರತ-ಶ್ರೀಲಂಕಾ ಸರಣಿಯಲ್ಲಿ ಡಿಆರ್‌ಎಸ್ ಮೊದಲ ಸಲ ಪ್ರಯೋಗಕ್ಕೆ ಬಂತು. ಇವತ್ತು ಥರ್ಡ್ ಅಂಪೈರ್ ಬ್ಯಾಟ್‌ಗೂ ಬಾಲ್‌ಗೂ ಮಧ್ಯೆ ಗ್ಯಾಪ್ ಇದೆ, ಈಗ ಬಾಲ್ ಟ್ರ್ಯಾಕಿಂಗ್ ತೋರಿಸಿ ಅಂತ ಹೇಳುವುದು ಮನೆಯಲ್ಲಿ ಕೂತ ನಮಗೆ ಕೇಳಿಸುತ್ತೆ. ತೀರ್ಪು ಇಷ್ಟವಾಗದೆ ಇರಬಹುದು, ಆದರೆ ಅದಕ್ಕೆ ಹೇಗೆ ಬಂದರು ಅನ್ನುವುದು ಗೊತ್ತಿರುತ್ತೆ, ಅಲ್ವಾ?

ಫಲಿತಾಂಶ ಬದಲಿಸಿ ಅಂತ ಯಾರೂ ಕೇಳುತ್ತಿಲ್ಲ. ಇಲ್ಲಿ ಅದು ಆಗುವುದೂ ಇಲ್ಲ. 1990ರಲ್ಲಿ ಮಿಸೌರಿ ವಿರುದ್ಧ ಕೊಲರಾಡೊಗೆ ನಾಲ್ಕರ ಬದಲು ಐದು ಡೌನ್ ಸಿಕ್ಕಿತು, ಐದನೆಯದರಲ್ಲೇ ಟಚ್‌ಡೌನ್ ಮಾಡಿ 33-31ಕ್ಕೆ ಗೆದ್ದರು, ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಪಟ್ಟದಲ್ಲೂ ಪಾಲು ಪಡೆದರು. 2015ರಲ್ಲಿ ಡ್ಯೂಕ್ ವಿರುದ್ಧ ಮಯಾಮಿ ಎಂಟು ಸಲ ಚೆಂಡು ಹಿಂದಕ್ಕೆ ಎಸೆದು ಗೆದ್ದಾಗ, ರೆಫ್ರಿಗಳ ತಪ್ಪು ಇದೆ ಅಂತ ಲೀಗೇ ಒಪ್ಪಿಕೊಂಡು ಅವರನ್ನು ಎರಡು ಪಂದ್ಯ ಅಮಾನತು ಮಾಡಿತು. ಗೆಲುವು ಮಯಾಮಿ ಹೆಸರಲ್ಲೇ ಇದೆ. 1940ರಲ್ಲಿ ಮಾತ್ರ ಬೇರೆ ಆಯಿತು. ಆ ವರ್ಷ ಅದುವರೆಗೂ ಸೋಲದ ಕಾರ್ನೆಲ್, ಐದನೇ ಡೌನ್‌ನಲ್ಲಿ ಗೆದ್ದದ್ದನ್ನು ಫಿಲ್ಮ್‌ನಲ್ಲಿ ನೋಡಿ, ತಾನಾಗಿಯೇ ಪಂದ್ಯವನ್ನು ಡಾರ್ಟ್‌ಮತ್‌ಗೆ ಬಿಟ್ಟುಕೊಟ್ಟಿತು. ಅಂಥ ದೊಡ್ಡ ಮನಸ್ಸನ್ನು ಕಂಡು ನನಗೆ ನಿಜಕ್ಕೂ ಗೌರವ ಬರುತ್ತೆ. ಆದರೆ ನಮ್ಮ ಪಂದ್ಯ ಆ ಥರದ್ದಲ್ಲ. ಟಾರ್ಗೆಟಿಂಗ್ ಎಣಿಕೆಯ ತಪ್ಪಲ್ಲ, ಕಣ್ಣಿಗೆ ಕಂಡದ್ದನ್ನು ತೂಗಿ ನೋಡುವ ಕೆಲಸ. ಅದಕ್ಕೇ ಕಾರಣ ಹೇಳುವುದು ಇಲ್ಲಿ ಇನ್ನೂ ಮುಖ್ಯ.

ನಮ್ಮ ಅಭಿಮಾನಿಗಳಿಗೂ ಒಂದು ಮಾತು. ರೆಫ್ರಿಗಳ ಮನೆ, ಮಕ್ಕಳು, ಫೋನ್ ನಂಬರ್ ಹುಡುಕಿ ಬೈಯುವುದು ತಪ್ಪು. ಟಾಫ್ ಕೂಡ ಆಗ ಕಾಲೇಜು ಹುಡುಗ, ಅವನನ್ನು ಕಟುಕ ಅಂತೆಲ್ಲ ಕರೆಯುವುದೂ ಅಷ್ಟೇ ತಪ್ಪು. ಕೋಪ ಇದ್ದರೆ ಲೀಗ್‌ಗೆ ಬರೆಯಿರಿ. ಆ ಪಂದ್ಯದ ನಂತರ ಬಿಗ್ 12 ಕಮಿಷನರ್ ಬ್ರೆಟ್ ಯೋರ್ಮಾರ್ಕ್ ಅವರೇ, ದೇಶಕ್ಕೆಲ್ಲ ಒಂದೇ ಮಟ್ಟದ ತೀರ್ಪು ಇರಬೇಕು ಅಂದರು. ಒಳ್ಳೆಯದೇ. ಆದರೆ ಅದಕ್ಕಿಂತ ಬೇಗ ಆಗುವ ಕೆಲಸ ಒಂದಿದೆ. 2025ರ ಸೀಸನ್‌ನಲ್ಲಿ ಎಸಿಸಿ ಅನ್ನುವ ಇನ್ನೊಂದು ಕಾಲೇಜು ಲೀಗ್ ಕೆಲವು ಪಂದ್ಯಗಳಲ್ಲಿ ರಿಪ್ಲೇ ರೂಮ್‌ನ ಮಾತುಕತೆಯನ್ನು ಟಿವಿಯಲ್ಲಿ ನೇರವಾಗಿ ಕೇಳಿಸಲು ಶುರು ಮಾಡಿತು. ಬಿಗ್ 12 ಅದನ್ನೇ ಮಾಡಲಿ, ಪ್ಲೇಆಫ್ ನಡೆಸುವವರೂ ಮಾಡಲಿ, ಕೆಲವು ಪಂದ್ಯಕ್ಕಲ್ಲ, ಎಲ್ಲ ಪಂದ್ಯಕ್ಕೂ.

ಇಂತಿ,
ಒಬ್ಬ ಓದುಗ
ಚಾಂಡ್ಲರ್, ಅರಿಜೋನಾ