ಅಟ್ಟದ ಮೇಲಿನ ನಕ್ಷೆಗಳನ್ನು ಬಂದು ಒಯ್ಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ನಮ್ಮ ಮನೆಯವರ ಫೋಟೊ ಬಂದಿತ್ತು. ಕೆಳಗೆ ನಾಲ್ಕು ಸಾಲು. ಆರ್ಕಿಟೆಕ್ಟ್, 78 ವರ್ಷ, ಪತ್ನಿ, ಮಗ, ಮಗಳು, ಅಪಾರ ಬಂಧು ಬಳಗ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಅಷ್ಟರಲ್ಲಿ ಹಿಡಿಸದ ಮಾತು ನನ್ನಲ್ಲಿ ಉಳಿದಿದೆ. ಊರಿನವರಿಗೆ ಒಂದು ವಿಷಯ ತಿಳಿಸುವುದೂ ಇದೆ.

ಅವರು ಮುಂಬೈನ ಜೆ.ಜೆ. ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಕಲಿತು ಧಾರವಾಡಕ್ಕೆ ಬಂದಾಗ ಆರ್ಕಿಟೆಕ್ಟ್ ಅಂದರೆ ಯಾರು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಮನೆ ಕಟ್ಟುವವನು ಗೌಂಡಿ, ನಕ್ಷೆ ಬೇಕಾಗುವುದು ಕಾರ್ಪೊರೇಶನ್ ಪರವಾನಗಿಗೆ, ಅಷ್ಟೇ. "ನಾಕು ಗೆರಿಗೆ ಇಷ್ಟು ರೊಕ್ಕ ಯಾಕ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದರು. ಇವರು ಉತ್ತರ ಕೊಡುತ್ತಿರಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಹೊರಗೆ ಕರೆಸುತ್ತಿದ್ದರು. "ಅಕ್ಕಾರ, ನೀವು ರೊಟ್ಟಿ ಕುಂತು ಬಡೀತೀರೋ, ನಿಂತು ಬಡೀತೀರೋ?" ಅದೇ ಮೊದಲ ಪ್ರಶ್ನೆ.

ನಿಂತು ಬಡಿಯುವವರಾದರೆ ನೆಲದಿಂದ ಮೊಣಕೈವರೆಗೆ ಅಳತೆ ಬೇಕು. ಟೇಪು ಹಿಡಿಯಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಒಲೆ ಇಡುವ ಕಟ್ಟೆಗಿಂತ ರೊಟ್ಟಿ ಬಡಿಯುವ ಕಟ್ಟೆ ನಾಲ್ಕು ಇಂಚು ತಗ್ಗಿರಬೇಕು, ಇಲ್ಲದಿದ್ದರೆ ಹೆಗಲು ಹೋಗುತ್ತದೆ ಎನ್ನುತ್ತಿದ್ದರು. ಹತ್ತಾರು ಮನೆಗಳಲ್ಲಿ ನಾನೇ ಹೀಗೆ ಅಳತೆ ತೆಗೆದಿದ್ದೇನೆ. ಆ ಅಕ್ಕಂದಿರಲ್ಲಿ ಮೂವರು ತಿಥಿಗೆ ಬಂದಿದ್ದರು. ಒಬ್ಬರು ನನ್ನ ಕೈ ಹಿಡಿದು, "ಇವತ್ತಿಗೂ ಹೆಗಲು ನೋಯಂಗಿಲ್ರಿ" ಎಂದರು. ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗ ಅತ್ತೆ.

ನಮ್ಮದೇ ಮನೆ ಕಟ್ಟಿದ್ದು ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಮಾಳಮಡ್ಡಿಯಲ್ಲಿ. ಅಡುಗೆಮನೆಯಲ್ಲಿ ಒಂದು ಕಿಟಕಿ ನೆಲದಿಂದ ಒಂದೂವರೆ ಅಡಿಗೇ ಶುರುವಾಗುತ್ತದೆ. ಗೌಂಡಿ ತಪ್ಪಾಗಿದೆ ಅಂದುಕೊಂಡು ಕೆಲಸ ನಿಲ್ಲಿಸಿದ್ದ. ನಾನು ಕೂತು ಜೋಳ ಹಸನು ಮಾಡುವಾಗ ಮೊರಕ್ಕೆ ಬೆಳಕು ಬೀಳಲಿ, ಓಣಿಯೂ ಕಾಣಲಿ ಅಂತ ಅದನ್ನು ಹಾಗೆ ಇಡಿಸಿದ್ದರು. ಈ ಪತ್ರವನ್ನು ಅದೇ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ.

ಅವರ ದೊಡ್ಡ ಕಾಳಜಿ ಮಾತ್ರ ಪಾಯಾದ್ದು. ಧಾರವಾಡದ ಕೆಂಪು ಮಣ್ಣು ಬೇರೆ, ಹುಬ್ಬಳ್ಳಿ ದಾಟಿ ನವಲಗುಂದ, ಗದಗದ ಕಡೆ ಹೋದರೆ ಸಿಗುವ ಎರೆ ಮಣ್ಣು ಬೇರೆ. ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮೇಲಿನ ಗೋಡೆ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದು ಅದಕ್ಕೇ. ಗರಸು, ಅಂದರೆ ಕೆಳಗಿನ ಗಟ್ಟಿ ಜಲ್ಲಿಮಣ್ಣು, ಸಿಗುವವರೆಗೆ ಅಗೆಯಲೇಬೇಕು ಎಂದು ಇವರ ಹಟ. ನಾಲ್ಕು ಅಡಿಗೆ ಸಿಗಲಿಲ್ಲವೆ, ಆರು ಅಗೆಯಿರಿ, ಎಂಟು ಅಗೆಯಿರಿ. ರೊಕ್ಕವನ್ನೆಲ್ಲ ಮಣ್ಣಿಗೆ ಹಾಕಿಸುತ್ತಾರೆ ಅಂತ ಒಬ್ಬರು ಸಿಟ್ಟಾಗಿ ಬೇರೆಯವರ ಕಡೆ ಹೋದರು. ನಾಲ್ಕು ವರ್ಷಕ್ಕೆ ಗೋಡೆ ಸೀಳಿತು. ಮತ್ತೆ ನಮ್ಮ ಮನೆಗೇ ಬಂದರು. ಇವರು ಒಂದು ಮಾತೂ ಆಡದೆ ಚೀಲಕ್ಕೆ ಟೇಪು ಹಾಕಿಕೊಂಡು ಹೊರಟರು.

ಮಕ್ಕಳನ್ನು ರವಿವಾರ ಗದಗದ ಹತ್ತಿರದ ಲಕ್ಕುಂಡಿಗೆ ಕರೆದೊಯ್ಯುವುದು ಅವರಿಗೆ ಹಬ್ಬ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯಲ್ಲಿ ಮೆಟ್ಟಿಲು ಎಣಿಸಲು ಹಚ್ಚುತ್ತಿದ್ದರು. ಇಳಿಯುವಾಗ ಒಂದು ಲೆಕ್ಕ, ಹತ್ತುವಾಗ ಒಂದು ಲೆಕ್ಕ, ಅಣ್ಣ ತಂಗಿಗೆ ಜಗಳ. ಸಿಮೆಂಟಿಲ್ಲದೆ ಕಲ್ಲಿನ ಮೇಲೆ ಕಲ್ಲು ಹೇಗೆ ಕೂತಿದೆ ಅಂತ ತೋರಿಸಲು ಮಗಳ ಬೆರಳನ್ನು ಹಿಡಿದು ಸಂದಿಯ ಮೇಲೆ ಓಡಿಸುತ್ತಿದ್ದರು. ಅವಳೀಗ ಸಿವಿಲ್ ಇಂಜಿನಿಯರ್.

2019ರ ಮಾರ್ಚ್ 19ರಂದು ಇಲ್ಲೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತಲ್ಲ, 19 ಜನ ತೀರಿಕೊಂಡರು. ಆ ಕಟ್ಟಡಕ್ಕೂ ಇವರಿಗೂ ಏನೂ ಸಂಬಂಧವಿರಲಿಲ್ಲ. ಆದರೂ ಮೂರು ದಿನ ಅವರಿಗೆ ಅನ್ನ ಸೇರಲಿಲ್ಲ. ಟಿವಿ ಮುಂದೆ ಸುಮ್ನೆ ಕೂತಿರುತ್ತಿದ್ದರು. ನಾಲ್ಕನೆಯ ದಿನ ಅಟ್ಟ ಹತ್ತಿ ತಮ್ಮ ಹಳೆಯ ನಕ್ಷೆಗಳನ್ನೆಲ್ಲ ಇಳಿಸಿದರು. "ಇವುಗಳ ಮ್ಯಾಲೆ ಯಾರ್ ಯಾರು ಮಹಡಿ ಏರಿಸ್ಯಾರೋ ಏನೋ" ಎಂದರು. ಕೆಲವರ ಮನೆಗೆ ತಾವೇ ಹೋಗಿ ನೋಡಿ ಬಂದರು. ಮುಂದೆ ಮೊಣಕಾಲು ಸಹಕರಿಸಲಿಲ್ಲ. ಆ ಕೆಲಸ ಅರ್ಧಕ್ಕೇ ನಿಂತಿತು.

ಅದಕ್ಕೇ ಈ ಪತ್ರ. ಆ ಸುರುಳಿಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಗೆದ್ದಲು ಹತ್ತದಂತೆ ಬೇವಿನ ಎಲೆ ಹಾಕಿ ಇಟ್ಟಿದ್ದೇನೆ. ಪ್ರತಿಯೊಂದರ ಮೇಲೂ ಮನೆಯ ಮಾಲೀಕರ ಹೆಸರು, ಓಣಿ, ಇಸವಿ ಪೆನ್ಸಿಲಿನಲ್ಲಿದೆ. ಗರಸು ಎಷ್ಟು ಅಡಿಗೆ ಸಿಕ್ಕಿತು, ಪಾಯಾ ಎಷ್ಟು ಮಹಡಿಗೆ ಹಾಕಿದ್ದು ಅಂತಲೂ ಮೂಲೆಯಲ್ಲಿ ಬರೆದಿದ್ದಾರೆ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ನಿಮ್ಮ ಮನೆಯ ನಕ್ಷೆ ಇವರು ಮಾಡಿದ್ದಾದರೆ ದಯವಿಟ್ಟು ಬಂದು ಒಯ್ಯಿರಿ. ಮನೆ ಕೊಂಡವರೂ ಬರಬಹುದು. ಮೇಲೆ ಮಹಡಿ ಏರಿಸುವ ವಿಚಾರವಿದ್ದರಂತೂ ಅದನ್ನು ನೋಡದೆ ಒಂದು ಇಟ್ಟಂಗಿಯನ್ನೂ ಇಡಬೇಡಿ. ದುಡ್ಡು ಏನೂ ಬೇಡ.

ನಮ್ಮ ಹೆಸರು, ವಿಳಾಸ ಪತ್ರಿಕೆಯ ಕಚೇರಿಗೆ ಕೊಟ್ಟಿದ್ದೇನೆ. ಸಂಜೆ ಐದರ ಮೇಲೆ ಬನ್ನಿ. ನನಗೆ ಏಣಿ ಹತ್ತಲು ಆಗುವುದಿಲ್ಲ, ಅಷ್ಟೊತ್ತಿಗೆ ಮೊಮ್ಮಗ ಶಾಲೆಯಿಂದ ಬಂದಿರುತ್ತಾನೆ.

ಓದುಗರಲ್ಲೊಬ್ಬಳು,
ಮಾಳಮಡ್ಡಿ, ಧಾರವಾಡ